ಕರ್ತೃವಿನ ಹೆಸರು ಕಡತದಲ್ಲೇ ಇರಬೇಕು

ಓಪನ್ ಸೋರ್ಸ್ ತಂತ್ರಾಂಶದ ಒಂದು ಕಡತ ತೆರೆದರೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಹಕ್ಕುಸ್ವಾಮ್ಯದ ಸಾಲು: ಒಂದು ಇಸವಿ, ಒಂದು ಹೆಸರು, ಕೆಳಗೆ ಪರವಾನಗಿಯ ಉಲ್ಲೇಖ. ಹಿಂದೆ ಆ ಹೆಸರು ಕೋಡ್ ಬರೆದವರದೋ ಅವರಿಗೆ ಸಂಬಳ ಕೊಟ್ಟ ಸಂಸ್ಥೆಯದೋ ಆಗಿರುತ್ತಿತ್ತು. ಈಗ ದೊಡ್ಡ ಯೋಜನೆಗಳಲ್ಲಿ ಆ ಜಾಗಕ್ಕೆ ‘ದಿ ಕ್ರೋಮಿಯಂ ಆಥರ್ಸ್’, ‘ದಿ ಗೋ ಆಥರ್ಸ್’ ಎಂಬಂಥ ಸಾಮೂಹಿಕ ಹೆಸರು ಬಂದು ಕೂತಿದೆ. ಬರೆದವರು ಯಾರು ಎಂದು ಕೇಳಿದವರಿಗೆ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ‘ಗಿಟ್’ ಸಾಧನದ ಇತಿಹಾಸ ನೋಡಿ ಎಂಬ ಉತ್ತರ ಸಿಗುತ್ತದೆ.

ಈ ನೀತಿ ಹಂತಹಂತವಾಗಿ ಬೇರೂರಿತು. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಆಡಳಿತ ಮಂಡಳಿ 2004ರ ಫೆಬ್ರವರಿಯಲ್ಲಿ, ಕಡತದೊಳಗೆ ಬರೆದವರ ಹೆಸರು ಹೇಳುವ ‘ಆಥರ್’ ಟ್ಯಾಗುಗಳು ಬೇಡ ಎಂಬ ನಿಲುವು ತಳೆಯಿತು. 2006ರಲ್ಲಿ ಹಕ್ಕುಸ್ವಾಮ್ಯದ ಸಾಲುಗಳೂ ಕಡತಗಳ ತಲೆಯಿಂದ ಇಳಿದು ‘ನೋಟಿಸ್’ ಎಂಬ ಪ್ರತ್ಯೇಕ ಕಡತಕ್ಕೆ ಹೋಗುವ ನಿಯಮ ಬಂತು. 2020ರ ಜನವರಿಯಲ್ಲಿ ಲಿನಕ್ಸ್ ಫೌಂಡೇಶನ್, ಪ್ರತಿಯೊಬ್ಬರ ಹೆಸರನ್ನೂ ಪಟ್ಟಿ ಮಾಡುವ ಬದಲು ಯೋಜನೆಯ ಹೆಸರಿನಲ್ಲಿ ಒಂದು ಸಾಮೂಹಿಕ ಸಾಲು ಸಾಕು ಎಂದು ಶಿಫಾರಸು ಮಾಡಿತು. 2022ರಲ್ಲಿ ಗೋ ಭಾಷೆಯ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ದಿ ಗೋ ಆಥರ್ಸ್’ ಎಂದರೆ ಯಾರು ಎಂದು ತಿಳಿಸಲೆಂದೇ 2009ರಲ್ಲಿ ಗೂಗಲ್ಲಿನ ವಕೀಲರ ಕೋರಿಕೆಯಂತೆ ಹುಟ್ಟಿದ್ದ ‘ಆಥರ್ಸ್’ ಕಡತವನ್ನೂ ಜತೆಗಿದ್ದ ‘ಕಾಂಟ್ರಿಬ್ಯೂಟರ್ಸ್’ ಕಡತವನ್ನೂ ಅದು ತೆಗೆದುಹಾಕಿತು. ಗಿಟ್ ಇತಿಹಾಸ ಅವುಗಳ ಕೆಲಸ ಮಾಡುತ್ತದೆ ಎಂಬುದೇ ಕೊಟ್ಟ ಕಾರಣ. ಹೆಸರಿನ ಅರ್ಥ ಹೇಳುತ್ತಿದ್ದ ಪಟ್ಟಿ ಹೋಯಿತು, ಹೆಸರು ಮಾತ್ರ ಸಾವಿರಾರು ಕಡತಗಳ ತಲೆಯ ಮೇಲೆ ಉಳಿಯಿತು.

ಇಂದು ಈ ನೀತಿಯನ್ನು ಪ್ರಶ್ನಿಸುವವರು ಕಡಿಮೆ. ಹೊಸ ಯೋಜನೆಗಳು ಚರ್ಚೆಯಿಲ್ಲದೆ ಇದನ್ನು ಒಪ್ಪಿಕೊಳ್ಳುತ್ತವೆ. ಆದರೆ ಇದು ಕಾನೂನನ್ನು ಅರ್ಧ ಓದಿ, ಗಿಟ್ಟಿಗೆ ಇಲ್ಲದ ಶಕ್ತಿಯನ್ನು ಆರೋಪಿಸಿ, ಕೋಡ್ ಹೇಗೆ ಊರೂರು ಸುತ್ತುತ್ತದೆ ಎಂಬುದನ್ನು ಮರೆತು ಕಟ್ಟಿದ ನೀತಿ. ಇದರ ನಷ್ಟ ಬೀಳುವುದು ಸಂಬಳವಿಲ್ಲದೆ, ಹೆಸರೊಂದೇ ಪ್ರತಿಫಲವಾಗಿ ದುಡಿದವರ ಮೇಲೆ.

ಹಕ್ಕುಸ್ವಾಮ್ಯದ ಸಾಲು ಕಾನೂನಿಗೆ ಬೇಕಿಲ್ಲ ಎಂಬುದು ಈ ನೀತಿಯ ಮೊದಲ ಆಧಾರ. ಸಾಲು ಇಲ್ಲದಿದ್ದರೂ ಹಕ್ಕು ಇರುತ್ತದೆ ಎಂಬಷ್ಟರ ಮಟ್ಟಿಗೆ ಅದು ನಿಜ. 1886ರ ಬರ್ನ್ ಒಪ್ಪಂದ 1908ರಲ್ಲಿ ಬರ್ಲಿನ್ನಿನಲ್ಲಿ ಪರಿಷ್ಕಾರವಾದಾಗಲೇ, ಹಕ್ಕು ದಕ್ಕಲು ಯಾವ ವಿಧಿಯನ್ನೂ ಪೂರೈಸಬೇಕಾಗಿಲ್ಲ ಎಂಬ ತತ್ತ್ವ ಅದರೊಳಗೆ ಸೇರಿತು. ಆದರೆ ಅಮೆರಿಕ ದೂರ ಉಳಿದಿತ್ತು. 1989ರ ಮಾರ್ಚ್ 1ರಂದು ಅದೂ ಸೇರುವವರೆಗೆ, ಅಲ್ಲಿ ಸಾಲಿಲ್ಲದೆ ಪ್ರಕಟವಾದ ಕೃತಿ ರಕ್ಷಣೆಯನ್ನೇ ಕಳೆದುಕೊಳ್ಳುವ ಅಪಾಯವಿತ್ತು. ಆ ಅಪಾಯ ಈಗಿಲ್ಲ. ಹಾಗೆಂದು ಸಾಲಿಗೆ ಬೆಲೆಯೇ ಇಲ್ಲ ಎನ್ನುವುದು ಕಾಲುವೆ ಹಾರಿ ಕೆರೆ ದಾಟಿದೆ ಎಂದಂತೆ.

ಕೃತಿಯ ಮೇಲೆ ವಾಡಿಕೆಯ ರೀತಿಯಲ್ಲಿ ಯಾರ ಹೆಸರಿದೆಯೋ ಅವರೇ ಕರ್ತೃ, ಅಲ್ಲವೆಂದು ಸಾಧಿಸುವ ಹೊಣೆ ಎದುರು ಪಕ್ಷದ್ದು ಎಂದು ಬರ್ನ್ ಒಪ್ಪಂದದ 15ನೆಯ ವಿಧಿ ಹೇಳುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 55ನೆಯ ಕಲಮು ಇದನ್ನೇ ಹೇಳುತ್ತದೆ: ಪ್ರಕಟವಾದ ಪ್ರತಿಗಳ ಮೇಲೆ ಕಾಣುವ ಹೆಸರಿಗೇ ಕರ್ತೃತ್ವದ ಪೂರ್ವಭಾವನೆ. ಭಾರತದಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುವುದರಿಂದ ಈ ಮಾತು ಕೋಡಿಗೂ ನೇರವಾಗಿ ಅನ್ವಯಿಸುತ್ತದೆ. ಕಾಯಿದೆ ನೋಡುವುದು ಪ್ರತಿಯನ್ನು. ಬೇರೆಲ್ಲೋ ಒಂದು ಸರ್ವರಿನಲ್ಲಿರುವ ದಾಖಲೆಗೆ ಈ ಪೂರ್ವಭಾವನೆ ತಾನಾಗಿ ಸಿಗುವುದಿಲ್ಲ. ‘ದಿ ಗೋ ಆಥರ್ಸ್’ ಎಂಬ ಸಾಲಿಗೂ ಸಿಗುವುದು ಕಷ್ಟ. ಅದು ವ್ಯಕ್ತಿಯಲ್ಲ, ನೋಂದಾಯಿತ ಸಂಘವೂ ಅಲ್ಲ. ಪುಸ್ತಕದ ಮುಖಪುಟದಿಂದ ಲೇಖಕರ ಹೆಸರು ಕಿತ್ತು, ‘ಮುದ್ರಣಾಲಯದ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇವೆ, ಬಂದು ನೋಡಿಕೊಳ್ಳಿ’ ಎಂದರೆ ಯಾವ ಲೇಖಕರೂ ಒಪ್ಪುವುದಿಲ್ಲ. ಕೋಡ್ ಬರೆದವರಿಗೆ ಮಾತ್ರ ಇದನ್ನು ಆಧುನಿಕ ಪದ್ಧತಿ ಎಂದು ಒಪ್ಪಿಸಲಾಗುತ್ತಿದೆ.

ಹೆಸರು ಅಳಿಸುವುದು ತಪ್ಪೆಂದು ಹೇಳುವ ಕಾನೂನುಗಳೂ ಪ್ರತಿಯನ್ನೇ ಹಿಡಿದುಕೊಂಡಿವೆ. ಅಮೆರಿಕದ 1998ರ ಡಿಜಿಟಲ್ ಮಿಲೆನಿಯಂ ಕಾಯಿದೆ, ಪ್ರತಿಯೊಡನೆ ಸಾಗುವ ಕರ್ತೃವಿನ ಹೆಸರು ಮುಂತಾದ ಮಾಹಿತಿಯನ್ನು ಉಲ್ಲಂಘನೆಗೆ ದಾರಿಯಾಗುವಂತೆ ಕಿತ್ತುಹಾಕುವುದನ್ನು ನಿಷೇಧಿಸುತ್ತದೆ. ಭಾರತ 2012ರ ತಿದ್ದುಪಡಿಯಲ್ಲಿ 65ಬಿ ಕಲಮಿನ ಮೂಲಕ ಇದನ್ನು ತಂದು, ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡ ವಿಧಿಸಿತು. ಕಡತದಲ್ಲಿ ಹೆಸರೇ ಇಲ್ಲದಿದ್ದರೆ ಅಳಿಸಲು ಏನಿದೆ? ಅಳಿಸಿದ್ದಾರೆಂದು ದೂರುವುದಾದರೂ ಹೇಗೆ?

ಈ ಪ್ರಶ್ನೆಗಳು ನ್ಯಾಯಾಲಯದ ಮುಂದೆ ಹೇಗೆ ತೂಕ ಪಡೆಯುತ್ತವೆ ಎಂಬುದಕ್ಕೆ ಒಂದು ಮೊಕದ್ದಮೆಯನ್ನು ಹತ್ತಿರದಿಂದ ನೋಡಬೇಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಜೇಕಬ್‌ಸನ್, ಮಾದರಿ ರೈಲುಗಳ ಹವ್ಯಾಸಿಗಳಿಗಾಗಿ ಜೆಎಮ್‌ಆರ್‌ಐ ಎಂಬ ಓಪನ್ ಸೋರ್ಸ್ ಯೋಜನೆ ನಡೆಸುತ್ತಿದ್ದರು. ಆಟದ ಎಂಜಿನ್ನಿನೊಳಗೆ ಡಿಕೋಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ಯಾವ ತಯಾರಕರ ಡಿಕೋಡರನ್ನು ಹೇಗೆ ಹೊಂದಿಸಬೇಕು ಎಂಬ ವಿವರಗಳನ್ನು ಯೋಜನೆಯ ಸ್ವಯಂಸೇವಕರು ಕಡತ ಕಡತವಾಗಿ ಬರೆದಿದ್ದರು. ಪರವಾನಗಿ ಆರ್ಟಿಸ್ಟಿಕ್ ಲೈಸೆನ್ಸ್, ಬೆಲೆ ಸೊನ್ನೆ. ಮ್ಯಾಥ್ಯೂ ಕ್ಯಾಟ್ಜರ್ ಅವರ ಕಂಪನಿ ಈ ಕಡತಗಳಲ್ಲಿ ಕೆಲವನ್ನು ತನ್ನ ಮಾರಾಟದ ತಂತ್ರಾಂಶಕ್ಕೆ ಬಳಸಿಕೊಂಡಿತು. ಬಳಸುವಾಗ ಬರೆದವರ ಹೆಸರು, ಜೆಎಮ್‌ಆರ್‌ಐನ ಹಕ್ಕುಸ್ವಾಮ್ಯದ ಸಾಲು, ಪರವಾನಗಿಯ ಉಲ್ಲೇಖ, ಮೂಲ ಎಲ್ಲಿಯದು ಎಂಬ ಮಾತು, ಏನು ಬದಲಾಯಿಸಲಾಗಿದೆ ಎಂಬ ವಿವರ, ಇವೆಲ್ಲ ಬಿಟ್ಟುಹೋದವು.

ಕೆಳಗಿನ ನ್ಯಾಯಾಲಯ ಇದನ್ನು ಹೆಚ್ಚೆಂದರೆ ಕರಾರಿನ ಭಂಗ ಎಂದು ಬಗೆದು ತಡೆಯಾಜ್ಞೆ ನಿರಾಕರಿಸಿತು. 2008ರ ಆಗಸ್ಟ್ 13ರಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಹಣ ಕೈಬದಲಾಗದಿದ್ದರೂ, ತಮ್ಮ ಹೆಸರು ಕೃತಿಯೊಡನೆ ಉಳಿಯಬೇಕು ಎಂಬ ಷರತ್ತಿನಿಂದ ಕರ್ತೃಗಳಿಗೆ ನಿಜವಾದ, ಆರ್ಥಿಕ ಮೌಲ್ಯವೂ ಉಳ್ಳ ಪ್ರಯೋಜನವಿದೆ. ಆ ಷರತ್ತು ಮುರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಆಗಬಲ್ಲದು ಎಂಬುದು ತೀರ್ಪಿನ ಸಾರ. ಮರುವರ್ಷ ಡಿಸೆಂಬರಿನಲ್ಲಿ ಕೆಳಗಿನ ನ್ಯಾಯಾಲಯ, ಕಡತಗಳಲ್ಲಿದ್ದ ಕರ್ತೃವಿನ ಹೆಸರು ಮತ್ತು ಇತರ ವಿವರಗಳು ಡಿಜಿಟಲ್ ಮಿಲೆನಿಯಂ ಕಾಯಿದೆಯ ರಕ್ಷಣೆಯೊಳಗೆ ಬರುತ್ತವೆ ಎಂದಿತು. 2010ರಲ್ಲಿ 1,00,000 ಡಾಲರಿಗೆ ರಾಜಿಯಾಯಿತು. ಜಗತ್ತಿನ ಓಪನ್ ಸೋರ್ಸ್ ಪರವಾನಗಿಗಳಿಗೆಲ್ಲ ಬಲ ತಂದ ಈ ಗೆಲುವು ನಿಂತದ್ದು ಕಡತದ ಪಠ್ಯದೊಳಗೆ ಬರೆದಿದ್ದ ಹೆಸರುಗಳ ಮೇಲೆ. ಅದೇ ಓಪನ್ ಸೋರ್ಸ್ ಲೋಕದ ದೊಡ್ಡ ಸಂಸ್ಥೆಗಳು ಈಗ ಆ ಹೆಸರುಗಳೇ ಬೇಡ ಎನ್ನುತ್ತಿರುವುದು ವಿಷಾದದ ಸಂಗತಿ.

ನೀತಿಯ ಎರಡನೆಯ ಆಧಾರ ಗಿಟ್. ಅದು ಎಲ್ಲವನ್ನೂ ನೆನಪಿಟ್ಟಿದೆ, ಯಾವ ಸಾಲು ಯಾರದೆಂದು ‘ಬ್ಲೇಮ್’ ಆಜ್ಞೆ ಕ್ಷಣದಲ್ಲಿ ಹೇಳುತ್ತದೆ ಎಂಬ ನಂಬಿಕೆ. ಗಿಟ್ ಹುಟ್ಟಿದ್ದೇ ಯಾವ ಯೋಜನೆಗಾಗಿಯೋ ಅಲ್ಲಿಗೇ ಹೋಗಿ ಇದನ್ನು ಪರೀಕ್ಷಿಸಬಹುದು. ಲಿನಕ್ಸ್ ಕರ್ನಲ್ಲಿನ ಮೊದಲ ಆವೃತ್ತಿ 1991ರದು. ಅದರ ಗಿಟ್ ಇತಿಹಾಸ ಆರಂಭವಾಗುವುದು 2005ರ ಏಪ್ರಿಲ್‌ನಲ್ಲಿ. ಹಿಂದಿನ ಇತಿಹಾಸ ಇದ್ದರೂ ಅದನ್ನು ತರುವ ಗೋಜಿಗೆ ಹೋಗುತ್ತಿಲ್ಲ ಎಂದು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಗಿಟ್‌ನಲ್ಲಿ ದಾಖಲಿಸಿದ ಮೊದಲ ಬದಲಾವಣೆಯಲ್ಲೇ, ಅಂದರೆ ಮೊದಲ ಕಮಿಟ್ಟಿನಲ್ಲೇ ಬರೆದಿದ್ದಾರೆ. ಹೀಗಾಗಿ ಅದಕ್ಕಿಂತ ಹಿಂದೆ ಬರೆದು, ಈವರೆಗೆ ಯಾರೂ ಮುಟ್ಟದ ಯಾವುದೇ ಸಾಲಿನ ಮೇಲೆ ‘ಬ್ಲೇಮ್’ ಓಡಿಸಿದರೂ ಬರುವ ಹೆಸರು ಟೋರ್ವಾಲ್ಡ್ಸ್ ಅವರದೇ. ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ನೂರಾರು ಜನ ದುಡಿದದ್ದು ಒಬ್ಬರ ಲೆಕ್ಕಕ್ಕೆ ಹೋಗಿದೆ. ಅವರು ಎಂದೂ ಅದನ್ನು ತನ್ನದೆಂದು ಹೇಳಿಕೊಂಡವರಲ್ಲ, ಉಪಕರಣ ಹಾಗೆ ಹೇಳುತ್ತದೆ ಅಷ್ಟೆ.

ಒಂದು ಕಡತವನ್ನೇ ತೆಗೆದುಕೊಳ್ಳಬಹುದು. ಎನ್‌ಇ2000 ಎಂಬ ಹಳೆಯ ನೆಟ್‌ವರ್ಕ್ ಕಾರ್ಡಿನ ಡ್ರೈವರಿನ ತಲೆಯಲ್ಲಿ ಎರಡು ಮಾತುಗಳಿವೆ. 1992ರಿಂದ 94ರವರೆಗೆ ಇದನ್ನು ಬರೆದವರು ಡೊನಾಲ್ಡ್ ಬೆಕರ್ ಎನ್ನುವುದು ಒಂದು. 1993ರ ಹಕ್ಕುಸ್ವಾಮ್ಯ ರಾಷ್ಟ್ರೀಯ ಭದ್ರತಾ ಏಜೆನ್ಸಿಯ ನಿರ್ದೇಶಕರು ಪ್ರತಿನಿಧಿಸುವ ಅಮೆರಿಕ ಸರ್ಕಾರದ್ದು ಎನ್ನುವುದು ಇನ್ನೊಂದು. ಬರೆದವರು ಯಾರು, ಒಡೆಯರು ಯಾರು, ಎರಡೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ದಾಖಲಾಗಿವೆ. ಗಿಟ್ ಇವೆರಡರಲ್ಲಿ ಒಂದನ್ನೂ ಹೇಳಲಾರದು. ಇಂದಿನ ನೀತಿ ಆಗಲೇ ಜಾರಿಯಲ್ಲಿದ್ದಿದ್ದರೆ ಲಿನಕ್ಸ್‌ನ ಆರಂಭ ಕಾಲದ ಎಷ್ಟೋ ಈಥರ್‌ನೆಟ್ ಡ್ರೈವರುಗಳನ್ನು ಬರೆದ ವ್ಯಕ್ತಿಯ ಗುರುತು ಆ ಕಡತದಲ್ಲಿ ಉಳಿಯುತ್ತಿರಲಿಲ್ಲ.

ಹಳೆಯ ಮಾತು ಬಿಟ್ಟು ಇಂದಿನ ಗಿಟ್ ಬಳಕೆಯನ್ನು ನೋಡಿದರೂ ಸ್ಥಿತಿ ಅಷ್ಟೇನೂ ಮೇಲಲ್ಲ. ಗಿಟ್ಟಿನ ‘ಕರ್ತೃ’ ಜಾಗದಲ್ಲಿ ಕಮಿಟ್ ಮಾಡಿದವರು ಏನು ತುಂಬುತ್ತಾರೋ ಅದೇ ಇರುತ್ತದೆ. ಇಬ್ಬರು ಬರೆದದ್ದನ್ನು ಒಬ್ಬರು ಕಮಿಟ್ ಮಾಡಿದರೆ, ಸಂದೇಶದ ಕೊನೆಯಲ್ಲಿ ಸಹಕರ್ತೃವಿನ ಸಾಲು ಸೇರಿಸಲು ಯಾರಾದರೂ ನೆನಪಿಟ್ಟರಷ್ಟೇ ಎರಡನೆಯವರಿಗೆ ಜಾಗ. ಗಿಟ್ಟಿಗಿಂತ ಹಿಂದಿನ ಸಾಧನಗಳಾದ ಸಿವಿಎಸ್, ಸಬ್‌ವರ್ಷನ್ ಕಾಲದಲ್ಲಿ ಬರೆದವರಿಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ಪ್ಯಾಚ್ ಕಳಿಸಿದವರ ಕೆಲಸವೆಲ್ಲ ಅದನ್ನು ಒಳಗೆ ಹಾಕಿದವರ ಹೆಸರಿನಲ್ಲೇ ದಾಖಲಾಗುತ್ತಿತ್ತು. ಅಂಥ ಯೋಜನೆಗಳು ಗಿಟ್ಟಿಗೆ ಬಂದಾಗ ಆ ತಪ್ಪೂ ಹಾಗೆಯೇ ಬಂತು. ಇಡೀ ಯೋಜನೆಯ ಕೋಡನ್ನು ಒಂದು ಶೈಲಿಗೆ ತರುವ ಸಾಧನ ಓಡಿಸಿದವರ ಹೆಸರು, ಅವರು ಒಂದು ಅಕ್ಷರ ಬರೆಯದಿದ್ದರೂ, ಸಾವಿರಾರು ಸಾಲುಗಳ ಮುಂದೆ ಕಾಣಿಸಿಕೊಳ್ಳುತ್ತದೆ. ಅಂಥ ಕಮಿಟ್ಟುಗಳನ್ನು ‘ಬ್ಲೇಮ್’ ಕಡೆಗಣಿಸಲು 2019ರ 2.23ನೆಯ ಆವೃತ್ತಿಯಲ್ಲಿ ಗಿಟ್ಟಿಗೆ ಒಂದು ಸೌಲಭ್ಯ ಸೇರಿಸಬೇಕಾಯಿತು. ಒಂದು ಯೋಜನೆಯ ಕಡತವನ್ನು ಇನ್ನೊಂದಕ್ಕೆ ನಕಲಿಸಿದರಂತೂ ಇತಿಹಾಸ ಅಲ್ಲಿಗೇ ಕಡಿದುಹೋಗುತ್ತದೆ, ನಕಲಿಸಿದವರೇ ಕರ್ತೃವಾಗುತ್ತಾರೆ. ಓಪನ್ ಸೋರ್ಸ್ ಪರವಾನಗಿಗಳು ಬಯಸುವುದೇ ಕೋಡ್ ಹೀಗೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲಿ ಎಂದು!

ಹೋಗುವಾಗ ಇತಿಹಾಸವನ್ನು ಯಾರೂ ಹೊತ್ತು ಸಾಗುವುದಿಲ್ಲ. 2020ರ ಹೊತ್ತಿಗೇ ಲಿನಕ್ಸ್ ಕರ್ನಲ್ ಹತ್ತು ಲಕ್ಷ ಕಮಿಟ್ಟುಗಳನ್ನು ದಾಟಿತ್ತು. ಅಷ್ಟನ್ನೂ ಇಳಿಸಿಕೊಳ್ಳುವ ಬದಲು ಕೊನೆಯ ಒಂದು ಕಮಿಟ್ಟನ್ನು ಮಾತ್ರ ತರಿಸಿಕೊಳ್ಳುವುದು ರೂಢಿ. ಬಿಡುಗಡೆಯ ಕಡತಗಳ ಕಟ್ಟಾದ ಟಾರ್‌ಬಾಲಿನಲ್ಲಿ ಗಿಟ್ ಭಂಡಾರ ಇರುವುದಿಲ್ಲ, ಜಾವಾಸ್ಕ್ರಿಪ್ಟ್ ಲೋಕದ ಎನ್‌ಪಿಎಂ ಪೊಟ್ಟಣದಲ್ಲೂ ಇರುವುದಿಲ್ಲ. ಮನೆಯ ರೌಟರು, ಟಿವಿಗಳೊಳಗಿನ ಫರ್ಮ್‌ವೇರಿನಲ್ಲಿ ಅದನ್ನು ಹುಡುಕುವ ಪ್ರಶ್ನೆಯೇ ಇಲ್ಲ. ಇವೆಲ್ಲದರೊಳಗೆ ಹೋಗುವುದು ಪರವಾನಗಿ ಹೊರಿಸಿದ್ದು ಮಾತ್ರ. ಎಂಐಟಿ ಪರವಾನಗಿ ಎಲ್ಲ ಪ್ರತಿಗಳಲ್ಲೂ ಉಳಿಸಿಕೊಳ್ಳಿ ಎಂದು ಕೇಳುವುದು ‘ಮೇಲಿನ ಹಕ್ಕುಸ್ವಾಮ್ಯದ ಸಾಲ’ನ್ನು ಮತ್ತು ಪರವಾನಗಿಯ ಪಠ್ಯವನ್ನು. ಗಿಟ್ ಇತಿಹಾಸ ಉಳಿಸಿಕೊಳ್ಳಿ ಎಂದು ಅದು ಕೇಳುವುದಿಲ್ಲ. ಮೊಬೈಲ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಓಪನ್ ಸೋರ್ಸ್ ಪರವಾನಗಿಗಳ ಉದ್ದ ಪುಟ ಇರುತ್ತದೆ. ಕೋಡ್ ಬರೆದವರಿಗೂ ಬಳಕೆದಾರರಿಗೂ ನಡುವೆ ಉಳಿದ ಕೊನೆಯ ಎಳೆ ಅದು. ಅಲ್ಲಿ ಕಾಣುವುದು ಸಾಲಿನಲ್ಲಿದ್ದ ಹೆಸರು. ಸಾಲಿನಲ್ಲಿ ಸಾಮೂಹಿಕ ಹೆಸರಿದ್ದರೆ ಅಲ್ಲಿಯೂ ಅದೇ.

ಗಿಟ್ ಭಂಡಾರದ ಕಡೆಗೆ ಬೆರಳು ತೋರಿಸಿದರೆ ನ್ಯಾಯಾಲಯಕ್ಕೂ ಸಾಲದು ಎಂಬುದಕ್ಕೆ ಹ್ಯಾಂಬರ್ಗಿನ ಮೊಕದ್ದಮೆ ಸಾಕ್ಷಿ. ತಮ್ಮ ಕೋಡನ್ನು ಪರವಾನಗಿ ಮೀರಿ ಬಳಸಿದೆಯೆಂದು ಲಿನಕ್ಸ್ ಕರ್ನಲ್ ಡೆವಲಪರ್ ಕ್ರಿಸ್ಟೋಫ್ ಹೆಲ್ವಿಗ್ 2015ರಲ್ಲಿ ವಿಎಂವೇರ್ ಕಂಪನಿಯ ಮೇಲೆ ದಾವೆ ಹೂಡಿದರು. 2016ರಲ್ಲಿ ಕೆಳಗಿನ ನ್ಯಾಯಾಲಯ, 2019ರ ಫೆಬ್ರವರಿಯಲ್ಲಿ ಮೇಲಿನ ನ್ಯಾಯಾಲಯ ಅದನ್ನು ವಜಾಮಾಡಿದವು. ಕೋಡಿನ ಯಾವ ಭಾಗ ತನ್ನದು, ಅದು ಹೇಗೆ ರಕ್ಷಣೆಗೆ ಅರ್ಹ ಎಂಬುದನ್ನು ವಾದಿ ಬೇಕಾದಷ್ಟು ವಿವರವಾಗಿ ತೋರಿಸಿಲ್ಲ ಎಂಬುದು ಕಾರಣ. ಕಡತದ ಮೇಲಿನ ಒಂದು ಸಾಲಿನಿಂದ ಹೆಲ್ವಿಗ್ ಗೆದ್ದುಬಿಡುತ್ತಿದ್ದರು ಎಂದಲ್ಲ. ಎಲ್ಲವೂ ಗಿಟ್‌ನಲ್ಲಿದೆ, ಬೇಕಾದಾಗ ತೋರಿಸಿದರಾಯಿತು ಎಂಬ ನಿಶ್ಚಿಂತೆಗೆ ಮಾತ್ರ ಆ ತೀರ್ಪಿನ ನಂತರ ಎಡೆಯಿಲ್ಲ.

ಹೆಸರುಗಳನ್ನು ವಿರೋಧಿಸುವವರ ಮಾತಿನಲ್ಲಿ ತಥ್ಯವೇ ಇಲ್ಲವೆಂದಲ್ಲ. ಅವರ ಅತ್ಯಂತ ಗಟ್ಟಿ ವಾದ: ಕಡತದ ತಲೆಯ ಪಟ್ಟಿ ಎಂದೂ ಪೂರ್ಣವಾಗಿರುವುದಿಲ್ಲ. ಮೊದಲು ಬರೆದವರ ಹೆಸರು ಅವರ ಒಂದು ಸಾಲೂ ಉಳಿಯದ ಮೇಲೂ ಇರುತ್ತದೆ, ಆಮೇಲೆ ಹತ್ತು ವರ್ಷ ದುಡಿದವರದು ಸೇರಿರುವುದಿಲ್ಲ. ಇದು ನಿಜ. ಆದರೆ ಅಪೂರ್ಣ ಪಟ್ಟಿಗೆ ಮದ್ದು ಅದನ್ನು ಪೂರ್ಣಗೊಳಿಸುವುದು. ‘ಮತ್ತು ಇತರರು’ ಎಂದು ಸೇರಿಸಿದರೂ ಪ್ರಾಮಾಣಿಕತೆಗೆ ಸಾಕು. ಇಡೀ ಪಟ್ಟಿಯನ್ನೇ ಕಿತ್ತರೆ ಅರ್ಧ ಸತ್ಯ ಹೋಗಿ ಏನೂ ಉಳಿಯುವುದಿಲ್ಲ.

ಹೆಸರಿದ್ದರೆ ‘ಇದು ನನ್ನ ಕಡತ’ ಎಂಬ ಭಾವ ಬೆಳೆದು ಹೊಸಬರು ಕೈಹಾಕಲು ಹಿಂಜರಿಯುತ್ತಾರೆ ಎನ್ನುವ ಮಾತೂ ಇದೆ. ಹಿಂಜರಿಕೆಗೆ ಮೂಲ, ಪ್ಯಾಚ್‌ಗಳನ್ನು ತಿಂಗಳುಗಟ್ಟಲೆ ನೋಡದ, ನೋಡಿದರೆ ಒರಟಾಗಿ ತಿರಸ್ಕರಿಸುವ ಮೇಂಟೇನರುಗಳ ನಡವಳಿಕೆ. ಹೆಸರು ಅಳಿಸಿದರೆ ಆ ನಡವಳಿಕೆ ಬದಲಾಗದು. ಹೊಸಬರನ್ನು ಎಳೆಯುವ ದೊಡ್ಡ ಆಕರ್ಷಣೆಗಳಲ್ಲಿ ಒಂದು ತಮ್ಮ ಹೆಸರೂ ಅಲ್ಲಿ ಸೇರುತ್ತದೆ ಎಂಬುದೇ ಆಗಿರುವಾಗ ಈ ವಾದ ತಲೆಕೆಳಗು.

ಬಿಎಸ್‌ಡಿ ಪರವಾನಗಿಯ ಹಳೆಯ ಜಾಹೀರಾತು ಷರತ್ತನ್ನು ಎಚ್ಚರಿಕೆಯ ಕಥೆಯಾಗಿ ಮುಂದಿಡುವವರಿದ್ದಾರೆ. ತಂತ್ರಾಂಶದ ಜಾಹೀರಾತಿನಲ್ಲೂ ಬರ್ಕ್ಲಿಯ ವಿಶ್ವವಿದ್ಯಾಲಯದ ಹೆಸರು ಹೇಳಬೇಕೆಂದು ಅದು ಕೇಳುತ್ತಿತ್ತು. ಉಳಿದವರೂ ತಂತಮ್ಮ ಹೆಸರು ಹಾಕಿ ಅದನ್ನೇ ನಕಲಿಸಿದ್ದರಿಂದ, 1997ರ ನೆಟ್‌ಬಿಎಸ್‌ಡಿ ಆವೃತ್ತಿಯೊಂದರಲ್ಲಿ ಇಂಥ 75 ವಾಕ್ಯಗಳನ್ನು ಫ್ರೀ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಎಣಿಸಿದರು. 1999ರ ಜುಲೈ 22ರಂದು ಬರ್ಕ್ಲಿ ಆ ಷರತ್ತು ಕೈಬಿಟ್ಟಿತು, ಕೈಬಿಟ್ಟದ್ದು ಸರಿ. ಆದರೆ ಅಂದು ಹೋದದ್ದು ಜಾಹೀರಾತಿನ ಹೊರೆ. ಕಡತದೊಳಗಿನ ಹಕ್ಕುಸ್ವಾಮ್ಯದ ಸಾಲು ಉಳಿಸಿಕೊಳ್ಳಬೇಕೆಂಬ ಷರತ್ತು ಇಂದಿನ ಬಿಎಸ್‌ಡಿ ಪರವಾನಗಿಯಲ್ಲೂ ಇದೆ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ.

ಪರವಾನಗಿ ಬದಲಿಸುವಾಗ ಎಲ್ಲರ ಒಪ್ಪಿಗೆ ಬೇಕಾಗುತ್ತದೆ, ಹೆಸರುಗಳು ಅಡ್ಡಿ ಎಂಬ ದೂರು ಇನ್ನಷ್ಟು ದುರ್ಬಲ. ಒಪ್ಪಿಗೆ ಬೇಕಾಗುವುದು ಹಕ್ಕು ಅವರದಾಗಿರುವುದರಿಂದ. ಹೆಸರು ಮರೆಮಾಡಿದರೆ ಹಕ್ಕು ಮಾಯವಾಗದು, ಅವರನ್ನು ಹುಡುಕುವುದು ಕಷ್ಟವಾಗುತ್ತದೆ. 2017ರಲ್ಲಿ ಓಪನ್‌ಎಸ್‌ಎಸ್‌ಎಲ್ ಅಪಾಚೆ ಪರವಾನಗಿಗೆ ಹೊರಳಲು ನೂರಾರು ಜನರಿಗೆ ಇಮೇಲ್ ಕಳಿಸಿ, ಉತ್ತರ ಬಾರದಿದ್ದರೆ ಆಕ್ಷೇಪಣೆ ಇಲ್ಲವೆಂದು ತಿಳಿಯುತ್ತೇವೆ ಎಂದದ್ದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಬರೆದವರ ಮೌನವನ್ನೇ ಸಮ್ಮತಿ ಎಂದು ಎಣಿಸುವ ಮನೋಭಾವಕ್ಕೂ ಅವರ ಹೆಸರು ಕಡತದಲ್ಲಿ ಬೇಡ ಎನ್ನುವ ಮನೋಭಾವಕ್ಕೂ ನಂಟಿದೆ.

ಕೊನೆಯದಾಗಿ, ಬಹಳಷ್ಟು ಕೋಡ್ ಬರೆಯುವುದು ಕಂಪನಿಗಳ ನೌಕರರು, ಹಕ್ಕು ಕಂಪನಿಯದು, ಹಾಗಿರುವಾಗ ವ್ಯಕ್ತಿಯ ಹೆಸರು ಹಾಕುವುದೇ ತಪ್ಪು ಎಂಬ ವಾದ. ಭಾರತದ ಕಾಯಿದೆಯ 17ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಒಡೆತನ ಮಾಲೀಕರದು. ಬೆಂಗಳೂರಿನ ಕಚೇರಿಗಳಲ್ಲಿ ಕೂತು ಓಪನ್ ಸೋರ್ಸ್ ಯೋಜನೆಗಳಿಗೆ ಕೋಡ್ ಬರೆಯುವವರ ಸ್ಥಿತಿ ಸಾಮಾನ್ಯವಾಗಿ ಇದೇ. ಆದರೆ ಅದೇ ಕಾಯಿದೆಯ 57ನೆಯ ಕಲಮು, ಹಕ್ಕುಸ್ವಾಮ್ಯವನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೂ ‘ಇದನ್ನು ಬರೆದದ್ದು ನಾನು’ ಎಂದು ಹೇಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ ಎನ್ನುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನ ಕೆಲವು ಮಾರ್ಪಾಡುಗಳನ್ನು ಕರ್ತೃ ತಡೆಯುವಂತಿಲ್ಲ ಎಂಬ ವಿನಾಯಿತಿ ಆ ಕಲಮಿನಲ್ಲೇ ಇದೆ. ಅಂದರೆ ಅದನ್ನು ರೂಪಿಸಿದವರ ಕಣ್ಣ ಮುಂದೆ ತಂತ್ರಾಂಶವೂ ಇತ್ತು. ಆದರೂ ಹೆಸರಿನ ಹಕ್ಕನ್ನು ಅವರು ಕಿತ್ತುಕೊಳ್ಳಲಿಲ್ಲ. ಬ್ರಿಟನ್ನಿನ 1988ರ ಕಾಯಿದೆ ಕಿತ್ತುಕೊಂಡಿತು. ಭಾರತೀಯ ಎಂಜಿನಿಯರಿಗೆ ಇರುವ ಈ ಹಕ್ಕು ದೊಡ್ಡದು. ಅದನ್ನು ಒಂದು ಫೌಂಡೇಶನ್ನಿನ ಶಿಫಾರಸಿಗಾಗಿ ಮರೆಯಬೇಕಿಲ್ಲ.

ಎನ್‌ಇ2000ದ ಕಡತ ತೋರಿಸಿದ ದಾರಿ ಇದೇ: ಒಡೆಯರಿಗೆ ಒಂದು ಸಾಲು, ಬರೆದವರಿಗೆ ಇನ್ನೊಂದು. ಅಕ್ಷರವಿನ್ಯಾಸದ ಲೋಕ ಇದನ್ನು ಚೆನ್ನಾಗಿ ಅರಿತಿದೆ. ಓಪನ್‌ಟೈಪ್ ಫಾಂಟಿನ ಹೆಸರುಗಳ ಕೋಷ್ಟಕದಲ್ಲಿ 0 ಸಂಖ್ಯೆಯ ಜಾಗ ಹಕ್ಕುಸ್ವಾಮ್ಯಕ್ಕೆ, 9 ಸಂಖ್ಯೆಯದು ವಿನ್ಯಾಸಕಾರರ ಹೆಸರಿಗೆ ಮೀಸಲು. ಗೂಗಲ್ ಫಾಂಟ್ಸ್ ತನ್ನ ಸಂಗ್ರಹದ ಹಕ್ಕುಸ್ವಾಮ್ಯದ ಸಾಲುಗಳಲ್ಲಿ ‘ಪ್ರಾಜೆಕ್ಟ್ ಆಥರ್ಸ್’ ಎಂಬ ಸಾಮೂಹಿಕ ಹೆಸರನ್ನೇ ಕೇಳುತ್ತದೆ, ನೋಟೋ ಸಾನ್ಸ್ ಕನ್ನಡದ ಸಾಲೂ ಹಾಗೆಯೇ ಇದೆ. ಕನ್ನಡದ ಒತ್ತಕ್ಷರಗಳನ್ನು, ಗುಣಿತಗಳನ್ನು ಒಂದೊಂದಾಗಿ ತಿದ್ದಿ ತೀಡಿದವರ ಹೆಸರು ಫಾಂಟಿನೊಳಗೇ ಉಳಿಯಲು ದಾರಿಯಿರುವುದು ಆ 9ನೆಯ ಜಾಗದಿಂದ. ಕೋಡಿಗೂ ಇದು ಅಸಾಧ್ಯವೇನಲ್ಲ. ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ರೀಯೂಸ್ ನಿಯಮಾವಳಿ ಪ್ರತಿ ಕಡತದಲ್ಲೂ ಯಂತ್ರ ಓದಬಲ್ಲ ಹಕ್ಕುಸ್ವಾಮ್ಯದ ಸಾಲು ಬರೆಯುವ ಕ್ರಮವನ್ನು ಹೇಳಿಕೊಡುತ್ತದೆ. ಲಿನಕ್ಸ್ ಕರ್ನಲ್ಲಿನ ‘ಕ್ರೆಡಿಟ್ಸ್’ ಕಡತದಲ್ಲಿ ಹೆಸರು, ಇಮೇಲ್, ಮಾಡಿದ ಕೆಲಸ, ಕೆಲವರದು ಅಂಚೆ ವಿಳಾಸ ಕೂಡ ಇದೆ. ಅದು ಟಾರ್‌ಬಾಲಿನೊಡನೆಯೇ ಹೋಗುತ್ತದೆ. ಪ್ರತಿ ಬಿಡುಗಡೆಗೆ ಮುಂಚೆ ಗಿಟ್‌ನಿಂದ ಪಟ್ಟಿ ತೆಗೆದು, ಮನುಷ್ಯರು ಒಮ್ಮೆ ತಿದ್ದಿ, ಪ್ರತಿಯೊಳಗೆ ಸೇರಿಸಲು ಒಂದು ಸಂಜೆ ಸಾಕು. ಗಿಟ್ ಇಲ್ಲಿ ಕಚ್ಚಾ ಸಾಮಗ್ರಿ.

ತಿದ್ದುಪಡಿಯ ವಿಷಯದಲ್ಲೂ ಕಡತವೇ ಮೇಲು. ಗಿಟ್ ಕಮಿಟ್ಟಿನ ಗುರುತುಸಂಖ್ಯೆ ಕರ್ತೃವಿನ ಹೆಸರು, ಇಮೇಲ್‌ಗಳನ್ನೂ ಸೇರಿಸಿ ಲೆಕ್ಕಹಾಕಿದ್ದು. ಹಳೆಯ ಒಂದು ಹೆಸರು ಬದಲಿಸಿದರೆ ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. ಆದ್ದರಿಂದ ದೊಡ್ಡ ಯೋಜನೆಗಳು ಅದಕ್ಕೆ ಕೈಹಾಕುವುದಿಲ್ಲ. ಮದುವೆಯಾಗಿಯೋ ಲಿಂಗಪರಿವರ್ತನೆಯಾಗಿಯೋ ಹೆಸರು ಬದಲಿಸಿಕೊಂಡವರು, ಹೆಸರೇ ಬೇಡವೆಂದು ಹಿಂದೆ ಸರಿದವರು, ಎಲ್ಲರ ಹಳೆಯ ಗುರುತೂ ಅಲ್ಲಿ ಶಾಶ್ವತ. ಕಡತದಲ್ಲಾದರೆ ಒಂದು ಸಾಲು ತಿದ್ದಿದರೆ ಮುಂದಿನ ಬಿಡುಗಡೆಯಿಂದ ಸರಿಯಾಯಿತು. ಈ ತೊಡಕಿಗೆ ಗಿಟ್ ತಾನೇ ಕೊಟ್ಟಿರುವ ಪರಿಹಾರ ‘ಮೇಲ್‌ಮ್ಯಾಪ್’. ಹಳೆಯ ಹೆಸರಿಗೆ ಹೊಸ ಹೆಸರನ್ನು ಹೊಂದಿಸಿ ತೋರಿಸುವ ಅದು, ಯೋಜನೆಯ ಮೂಲ ಫೋಲ್ಡರಿನಲ್ಲಿ ಉಳಿದ ಕೋಡಿನ ಜತೆಗೇ ಇರುವ ಒಂದು ಪಠ್ಯ ಕಡತ.